ಹಳೆಯ ಕಾರಿಗೆ ಯಾವ ಇಂಜಿನ್ ಆಯಿಲ್, ಎಷ್ಟು ಲೀಟರ್? ಮೊದಲಿಂದ ಕೊನೆಯವರೆಗೆ

ಹಳೆಯ ಕಾರಿನ ಆಯಿಲ್ ವಿಷಯದಲ್ಲಿ ಜನ ಮತ್ತೆ ಮತ್ತೆ ಎಡವುವುದು ಎರಡೇ ಜಾಗದಲ್ಲಿ. ‘ಗಾಡಿಗೆ ವಯಸ್ಸಾಯ್ತು, ಸ್ವಲ್ಪ ಗಟ್ಟಿ ಆಯಿಲ್ ಹಾಕಿ’ ಎಂಬ ಮಾತು ಕೇಳಿ ಗ್ರೇಡ್ ಬದಲಾಯಿಸುತ್ತಾರೆ. ಆಮೇಲೆ ಕ್ಯಾನ್‌ನಲ್ಲಿ 4 ಲೀಟರ್ ಇದೆ ಅಂತ ಪೂರ್ತಿ ಸುರಿದುಬಿಡುತ್ತಾರೆ. ಇಂಜಿನ್‌ಗೆ ಬೇಕಿದ್ದುದು ಮೂರೂವರೆ ಲೀಟರ್. ಮಿಕ್ಕ ಅರ್ಧ ಲೀಟರ್ ಸುಮ್ನೆ ಒಳಗೆ ಕೂತಿರುವುದಿಲ್ಲ. ನೊರೆ ಏಳುತ್ತದೆ, ಸೀಲ್ ಬಳಿ ಸೋರುತ್ತದೆ, ಹೊಗೆಯಾಗಿ ಹೊರಗೆ ಬರುತ್ತದೆ.

ಇದಕ್ಕೆ ಕಾರಣ ಕೆಲಸದ ಕ್ರಮ ತಲೆಕೆಳಗಾಗಿರುವುದು. ಮೊದಲು ಕ್ಯಾನ್ ಕೊಳ್ಳುತ್ತಾರೆ, ಆಮೇಲೆ ಅದು ಸರಿಯೋ ಅಲ್ಲವೋ ಅಂತ ಯೋಚಿಸುತ್ತಾರೆ. ಇಲ್ಲಿ ಇಂಜಿನ್ ಗುರುತಿಸುವುದು ಮೊದಲು, ಗ್ರೇಡ್ ಆಮೇಲೆ, ಲೀಟರ್ ಅದಾದ ಮೇಲೆ, ಪಾನಾ ಕೈಗೆತ್ತಿಕೊಳ್ಳುವುದು ಕೊನೆಗೆ.

ಇಡೀ ಕೆಲಸಕ್ಕೆ ಒಂದು ನಿಯಮ ನೆನಪಿರಲಿ. ನೀವು ಅಳೆದು ಸುರಿದ ಲೀಟರ್ ಒಂದು ಸಾಕ್ಷಿ. ಡಿಪ್‌ಸ್ಟಿಕ್ (ಆಯಿಲ್ ಎಷ್ಟಿದೆ ಎಂದು ನೋಡುವ ಕಡ್ಡಿ) ತೋರಿಸುವ ಮಟ್ಟ ಇನ್ನೊಂದು ಸಾಕ್ಷಿ. ಎರಡೂ ಒಂದೇ ಮಾತು ಹೇಳಬೇಕು. ಹೇಳದಿದ್ದರೆ ಕಾರಣ ಸಿಗುವ ತನಕ ಗಾಡಿ ಓಡಿಸಬೇಡಿ.

## ಹಂತ 1: ಬಾನೆಟ್ ಕೆಳಗೆ ಇರುವುದು ಯಾವ ಇಂಜಿನ್?

ಕಾರಿನ ಹೆಸರು, ಮಾಡೆಲ್ ವರ್ಷ ಇಷ್ಟೇ ಸಾಲದು. ಒಂದೇ ಮಾಡೆಲ್ಲಿಗೆ ಎರಡು ಮೂರು ಬಗೆಯ ಇಂಜಿನ್ ಕೂರಿಸಿ ಮಾರಿರುತ್ತಾರೆ. ಒಂದಕ್ಕೆ 3 ಲೀಟರ್ ಸಾಕಾದರೆ ಇನ್ನೊಂದಕ್ಕೆ 4.5 ಲೀಟರ್ ಬೇಕಾಗಬಹುದು. ಹಳೆಯ ಗಾಡಿಯಲ್ಲಿ ಇನ್ನೊಂದು ತೊಡಕಿದೆ. ಹಿಂದಿನ ಮಾಲೀಕರು ಇಂಜಿನ್ನನ್ನೇ ಬದಲಿಸಿರಬಹುದು. ಆಯಿಲ್ ಚೇಂಬರ್ (ಇಂಜಿನ್ ತಳದಲ್ಲಿ ಆಯಿಲ್ ನಿಲ್ಲುವ ತೊಟ್ಟಿ) ಒಡೆದು ಬೇರೆ ಮಾಡೆಲ್ಲಿನದು ಹಾಕಿರಲೂಬಹುದು.

ಹಾಗಾಗಿ ಇಂಜಿನ್ ಬ್ಲಾಕ್ ಮೇಲೆ ಕೊರೆದಿರುವ ನಂಬರ್ ನೋಡಿ. ಜಿಡ್ಡು ಮೆತ್ತಿಕೊಂಡಿದ್ದರೆ ಬಟ್ಟೆಗೆ ಸ್ವಲ್ಪ ಸೀಮೆಎಣ್ಣೆ ಹಾಕಿ ಒರೆಸಿ, ಟಾರ್ಚ್ ಬಿಟ್ಟು ಓದಿ, ಫೋಟೊ ತೆಗೆದುಕೊಳ್ಳಿ. ಆ ಇಂಜಿನ್ ಕೋಡಿಗೆ ಸರಿಹೊಂದುವ ಮಾಲೀಕರ ಕೈಪಿಡಿ ಅಥವಾ ವರ್ಕ್‌ಶಾಪ್ ಮ್ಯಾನುಯಲ್ ಹುಡುಕಿ. ಅದರಿಂದ ನಾಲ್ಕು ವಿಷಯ ಬರೆದುಕೊಳ್ಳಿ:

1. ಯಾವ ಗ್ರೇಡ್, ಹೊರಗಿನ ಎಷ್ಟು ತಾಪಮಾನಕ್ಕೆ ಯಾವುದು
2. ಎಪಿಐ (ಅಮೆರಿಕದ ಪೆಟ್ರೋಲಿಯಂ ಸಂಸ್ಥೆ) ಅಥವಾ ಎಸಿಇಎ (ಯೂರೋಪಿನ ಕಾರು ತಯಾರಕರ ಸಂಘ) ಕೊಡುವ ಗುಣಮಟ್ಟದ ಕೋಡ್
3. ಫಿಲ್ಟರ್ ಬದಲಿಸಿದರೆ ಎಷ್ಟು ಲೀಟರ್, ಬದಲಿಸದಿದ್ದರೆ ಎಷ್ಟು
4. ಮಟ್ಟ ನೋಡುವ ವಿಧಾನ: ಇಂಜಿನ್ ತಣ್ಣಗಿದ್ದಾಗಲೋ, ಬಿಸಿಯಾಗಿದ್ದಾಗಲೋ

ನಾಲ್ಕನೆಯದನ್ನು ಬಹಳ ಜನ ಬಿಟ್ಟುಬಿಡುತ್ತಾರೆ. ಹೆಚ್ಚಿನ ಕಾರುಗಳಲ್ಲಿ ಇಂಜಿನ್ ಆಫ್ ಮಾಡಿ ನೋಡಬೇಕು. ಆದರೆ ಗಾಳಿಯಿಂದ ತಣಿಯುವ ಹಳೆಯ ಪೋರ್ಷೆ 911ರಲ್ಲಿ ಆಯಿಲ್ ಬೇರೆ ಟ್ಯಾಂಕಿನಲ್ಲಿರುತ್ತದೆ. ಅದನ್ನು ಇಂಜಿನ್ ಬಿಸಿಯಾದ ಮೇಲೆ, ಓಡುತ್ತಿರುವಾಗಲೇ ನೋಡಬೇಕು. ಅಂಥ ಗಾಡಿಯನ್ನು ಆಫ್ ಮಾಡಿ ನೋಡಿ ‘ಆಯಿಲ್ ಕಡಿಮೆ ಇದೆ’ ಅಂತ ಸುರಿದರೆ ಮಿತಿಮೀರಿ ಹೋಗುತ್ತದೆ.

ಆಯಿಲ್ ಹಾಕುವ ಮುಚ್ಚಳದ ಮೇಲೆ ಗ್ರೇಡ್ ಬರೆದಿದ್ದರೆ ಅದೊಂದು ಸುಳಿವು ಅಷ್ಟೆ. ಮುಚ್ಚಳವೂ ಬೇರೆ ಗಾಡಿಯಿಂದ ಬಂದಿರಬಹುದು ಅಲ್ವಾ?

## ಹಂತ 2: ಗ್ರೇಡ್ ಆರಿಸುವುದು

ಗ್ರೇಡ್ ಎಂದರೆ ಆಯಿಲ್ ಎಷ್ಟು ಮಂದ ಎಂಬುದರ ಗುರುತು. ಕ್ಯಾನ್ ಮೇಲಿನ 10ಡಬ್ಲ್ಯೂ-40 (10W-40) ಎಂದರೆ ಎರಡು ಬೇರೆ ಬೇರೆ ಅಳತೆ. ಡಬ್ಲ್ಯೂ ಜೊತೆಗಿರುವ ಅಂಕಿ ಚಳಿಯಲ್ಲಿ ಸ್ಟಾರ್ಟ್ ಮಾಡುವಾಗಿನದು. ಅದು ಚಿಕ್ಕದಾದಷ್ಟೂ ತಣ್ಣನೆಯ ಆಯಿಲ್ ಸಲೀಸಾಗಿ ಹರಿಯುತ್ತದೆ. ಸ್ಟಾರ್ಟ್ ಆಗುವ ಪರೀಕ್ಷೆಯನ್ನು 5ಡಬ್ಲ್ಯೂಗೆ ಮೈನಸ್ 30 ಡಿಗ್ರಿ ಸೆಲ್ಸಿಯಸ್‌ನಲ್ಲಿ, 10ಡಬ್ಲ್ಯೂಗೆ ಮೈನಸ್ 25ರಲ್ಲಿ, 15ಡಬ್ಲ್ಯೂಗೆ ಮೈನಸ್ 20ರಲ್ಲಿ, 20ಡಬ್ಲ್ಯೂಗೆ ಮೈನಸ್ 15ರಲ್ಲಿ ಮಾಡುತ್ತಾರೆ. ಚಳಿಗಾಲದಲ್ಲೂ ನೀರು ಹೆಪ್ಪುಗಟ್ಟದ ಊರಿನಲ್ಲಿ 15ಡಬ್ಲ್ಯೂ, 20ಡಬ್ಲ್ಯೂ ಎರಡೂ ನಡೆಯುತ್ತವೆ.

ಎರಡನೆಯ ಅಂಕಿ ಇಂಜಿನ್ ಕಾದ ಮೇಲಿನದು. 100 ಡಿಗ್ರಿಯಲ್ಲಿ ಆಯಿಲ್ ಎಷ್ಟು ಮಂದವಾಗಿ ಉಳಿಯುತ್ತದೆ ಎಂಬ ಲೆಕ್ಕ. ಅಳತೆ ಸೆಂಟಿಸ್ಟೋಕ್‌ನಲ್ಲಿ. 30ರ ಗ್ರೇಡ್ 9.3ರಿಂದ 12.5ರೊಳಗೆ, 40ರದು 12.5ರಿಂದ 16.3ರೊಳಗೆ, 50ರದು 16.3ರಿಂದ 21.9ರೊಳಗೆ ಬರುತ್ತದೆ. ಪ್ರತಿ ಗ್ರೇಡೂ ಒಂದು ಅಗಲವಾದ ಪಟ್ಟಿ ಅನ್ನೋದು ಇದರಿಂದ ಗೊತ್ತಾಗುತ್ತದೆ. ಪಟ್ಟಿಯ ಮೇಲ್ತುದಿಯಲ್ಲಿರುವ 30ಕ್ಕೂ ಕೆಳತುದಿಯಲ್ಲಿರುವ 40ಕ್ಕೂ ಹೇಳಿಕೊಳ್ಳುವಂಥ ವ್ಯತ್ಯಾಸ ಇಲ್ಲ. ಅದೇ 30ರಿಂದ 50ಕ್ಕೆ ಹಾರಿದರೆ ಆಯಿಲ್ ಸುಮಾರು ಒಂದೂಮುಕ್ಕಾಲು ಪಟ್ಟು ಮಂದ.

ಈಗ ಕೈಪಿಡಿಯ ತಾಪಮಾನದ ಚಾರ್ಟ್ ತೆಗೆಯಿರಿ. ಅದರಲ್ಲಿ ಗ್ರೇಡ್‌ಗಳನ್ನು ಅಡ್ಡ ಪಟ್ಟಿಗಳಾಗಿ ಬಿಡಿಸಿರುತ್ತಾರೆ. ನಿಮ್ಮಲ್ಲಿ ವರ್ಷದ ಅತಿ ತಣ್ಣನೆಯ ಬೆಳಗ್ಗೆ, ಅತಿ ಸುಡುವ ಮಧ್ಯಾಹ್ನ ಎರಡನ್ನೂ ಒಳಗೊಳ್ಳುವ ಪಟ್ಟಿ ಯಾವುದೋ ಅದೇ ನಿಮ್ಮ ಗ್ರೇಡ್.

‘ಹಳೇ ಗಾಡಿಗೆ ಗಟ್ಟಿ ಆಯಿಲ್’ ಯಾಕೆ ತಪ್ಪು? ಬೇರಿಂಗ್ ಮತ್ತು ಕ್ರ್ಯಾಂಕ್‌ಶಾಫ್ಟ್ (ಪಿಸ್ಟನ್‌ಗಳು ತಿರುಗಿಸುವ ಮುಖ್ಯ ದಂಡ) ನಡುವಿನ ಸಂದು ಕೂದಲೆಳೆಯಷ್ಟು. ಆ ಸಂದಿಗೆ ತಕ್ಕ ಹಾಗೆ ಆಯಿಲ್ ಹರಿಯಬೇಕು. ತೀರಾ ಮಂದವಾದರೆ ಸ್ಟಾರ್ಟ್ ಮಾಡಿದ ಮೊದಲ ಕ್ಷಣಗಳಲ್ಲಿ ಅದು ಮೇಲಿನ ಕ್ಯಾಮ್‌ಶಾಫ್ಟ್ (ವಾಲ್ವ್ ತೆರೆಯುವ ದಂಡ) ತನಕ ತಲುಪುವುದು ತಡವಾಗುತ್ತದೆ. ಸವೆತ ಜಾಸ್ತಿ ಆಗುವುದು ಆಗಲೇ. ಮಂದವಾದ ಆಯಿಲ್ ಹಾಕಿದ ಕೂಡಲೇ ಆಯಿಲ್ ಪ್ರೆಷರ್ ಮೀಟರಿನ ಮುಳ್ಳು ಮೇಲೇರುತ್ತದೆ, ಮಾಲೀಕರಿಗೆ ಖುಷಿ. ಮುಳ್ಳು ಏರಿದ್ದು ಆಯಿಲ್ ಹರಿಯಲು ಒದ್ದಾಡುತ್ತಿರುವುದರಿಂದ ಎನ್ನುವುದು ಮರೆತುಹೋಗುತ್ತದೆ. ಪ್ರೆಷರ್ ಮಿತಿ ದಾಟಿದರೆ ರಿಲೀಫ್ ವಾಲ್ವ್ ತೆರೆದುಕೊಂಡು ಒಂದಷ್ಟು ಆಯಿಲ್ ಬೇರಿಂಗಿಗೆ ಹೋಗದೆ ವಾಪಸ್ ಬರುತ್ತದೆ.

ಒಂದು ಮೆಟ್ಟಿಲು ಏರುವುದು ಯಾವಾಗ ಸರಿ? ಕಾದ ಇಂಜಿನ್‌ನಲ್ಲಿ ಪ್ರೆಷರ್ ಕಡಿಮೆ ತೋರಿಸುತ್ತಿದ್ದರೆ, ಅಥವಾ ಆಯಿಲ್ ಸುಡುವುದು ಶುರುವಾಗಿದ್ದರೆ, ಜೊತೆಗೆ ಕೈಪಿಡಿಯ ಚಾರ್ಟೂ ಒಪ್ಪಿದರೆ. ಆಗಲೂ ಬದಲಾಯಿಸುವುದು ಎರಡನೆಯ ಅಂಕಿಯನ್ನು ಮಾತ್ರ: 10ಡಬ್ಲ್ಯೂ-30 ಇದ್ದದ್ದು 10ಡಬ್ಲ್ಯೂ-40. ಡಬ್ಲ್ಯೂ ಅಂಕಿ ಇದ್ದ ಹಾಗೇ ಇರಲಿ. ಒಂದೇ ಏಟಿಗೆ 20ಡಬ್ಲ್ಯೂ-50ಕ್ಕೆ ಹೋಗುವುದು ಬೇಡ. ಮೂಲತಃ 20ಡಬ್ಲ್ಯೂ-50 ಕೇಳುವ ಇಂಜಿನ್‌ಗಳ ಮಾತು ಬೇರೆ. ಹಳೆಯ ಮಿನಿ ಕಾರಿನಲ್ಲಿ ಇಂಜಿನ್‌ಗೂ ಗೇರ್‌ಬಾಕ್ಸ್‌ಗೂ ಒಂದೇ ಆಯಿಲ್. ಗೇರಿನ ಹಲ್ಲುಗಳು ಆಯಿಲನ್ನು ಅರೆದು ತೆಳ್ಳಗೆ ಮಾಡುತ್ತವೆ. ಅಲ್ಲಿ ಆ ಗ್ರೇಡ್ ಬೇಕೇ ಬೇಕು.

ತೆಳ್ಳಗಿನ ಕಡೆಗೆ ಜಾರುವುದೂ ಅಷ್ಟೇ ಕೆಟ್ಟದ್ದು. 0ಡಬ್ಲ್ಯೂ-20 ಹೊಸ ಇಂಜಿನ್‌ಗಳಲ್ಲಿ ಇಂಧನ ಉಳಿಸಲೆಂದು ಬಂದದ್ದು. ಆ ಇಂಜಿನ್‌ಗಳ ಸಂದು, ಪಂಪ್ ಎಲ್ಲವೂ ಅದಕ್ಕೆ ತಕ್ಕಂತಿರುತ್ತವೆ. ಮೂವತ್ತು ವರ್ಷದ ಇಂಜಿನ್‌ಗೆ ಅದನ್ನು ಹಾಕಿದರೆ ಕಾದ ಬೇರಿಂಗಿನಲ್ಲಿ ಆಯಿಲಿನ ಪದರವೇ ನಿಲ್ಲದಿರಬಹುದು.

ಬಹಳ ಹಳೆಯ ಕೈಪಿಡಿಗಳಲ್ಲಿ ಬರೀ ‘ಎಸ್‌ಎಇ 30’ ಅಥವಾ ‘ಎಸ್‌ಎಇ 40’ ಎಂದಿರುತ್ತದೆ. ಎಸ್‌ಎಇ ಎಂದರೆ ಈ ಗ್ರೇಡ್‌ಗಳನ್ನು ನಿಗದಿ ಮಾಡುವ ಸಂಸ್ಥೆ. ಅದು ಒಂದೇ ಗ್ರೇಡಿನ ಆಯಿಲ್, ಋತುವಿಗೊಮ್ಮೆ ಬದಲಿಸುವ ಕಾಲದ್ದು. ಈಗ 30ಕ್ಕೆ 10ಡಬ್ಲ್ಯೂ-30, 40ಕ್ಕೆ 15ಡಬ್ಲ್ಯೂ-40, 50ಕ್ಕೆ 20ಡಬ್ಲ್ಯೂ-50 ಹಾಕಿದರೆ ನಡೆಯುತ್ತದೆ.

## ಹಂತ 3: ಗುಣಮಟ್ಟದ ಕೋಡ್ ಓದುವುದು

ಗ್ರೇಡ್ ಸರಿಯಿದ್ದರೆ ಅರ್ಧ ಕೆಲಸ ಮುಗಿದ ಹಾಗೆ. ಕ್ಯಾನ್ ಹಿಂಭಾಗದ ಎಪಿಐ ಕೋಡ್ ನೋಡಿ. ‘ಎಸ್’ ಅಕ್ಷರದಿಂದ ಶುರುವಾಗುವುದು ಪೆಟ್ರೋಲ್ ಇಂಜಿನ್‌ಗೆ, ‘ಸಿ’ಯಿಂದ ಶುರುವಾಗುವುದು ಡೀಸೆಲ್‌ಗೆ. ಎರಡನೆಯ ಅಕ್ಷರ ಮುಂದೆ ಹೋದಷ್ಟೂ ಹೊಸದು. ಎಸ್‌ಜೆ 2001 ಮತ್ತು ಅದಕ್ಕೂ ಹಿಂದಿನ ಇಂಜಿನ್‌ಗಳಿಗೆ, ಎಸ್‌ಎಲ್ 2004ರ ತನಕದವಕ್ಕೆ, ಎಸ್‌ಎಂ 2010ರ ತನಕದವಕ್ಕೆ, ಎಸ್‌ಎನ್ 2020ರ ತನಕದವಕ್ಕೆ. ಎಸ್‌ಪಿ ಬಂದದ್ದು 2020ರಲ್ಲಿ. ಕೈಪಿಡಿಯಲ್ಲಿ ‘ಎಸ್‌ಎಫ್’ ಅಥವಾ ‘ಎಸ್‌ಜಿ’ ಎಂದಿದ್ದು ಅಂಗಡಿಯಲ್ಲಿ ಸಿಗದಿದ್ದರೆ ಗಾಬರಿ ಬೇಡ. ಸಾಮಾನ್ಯವಾಗಿ ಹೊಸ ಎಸ್ ಕೋಡ್ ಹಳೆಯದರ ಜಾಗದಲ್ಲಿ ನಿಲ್ಲುತ್ತದೆ. ಗ್ರೇಡ್ ಮಾತ್ರ ನಿಮ್ಮದೇ ಇರಬೇಕು.

ಮೂರು ಕಡೆ ಹುಷಾರು.

ಮೊದಲನೆಯದು ಎಸ್‌ಎ ಮತ್ತು ಎಸ್‌ಬಿ. ‘ಹಳೇ ಕಾರಿಗೆ ಹಳೇ ಆಯಿಲ್’ ಅಂತ ಇವನ್ನು ಹಾಕುವವರಿದ್ದಾರೆ. ಎಸ್‌ಎಯಲ್ಲಿ ಸೇರಿಕೆಗಳೇ (ಇಂಜಿನ್ ಕಾಪಾಡಲು ಆಯಿಲಿಗೆ ಬೆರೆಸುವ ರಾಸಾಯನಿಕಗಳು) ಇರುವುದಿಲ್ಲ. 1930ರ ನಂತರದ ಹೆಚ್ಚಿನ ಇಂಜಿನ್‌ಗಳಿಗೆ ಅದು ಆಗಿಬರುವುದಿಲ್ಲ. ಎಸ್‌ಬಿ 1951ರ ನಂತರದವಕ್ಕೆ ಬೇಡ.

ಎರಡನೆಯದು ಚಪ್ಪಟೆ ಟ್ಯಾಪೆಟ್ ಇರುವ ಇಂಜಿನ್. ಇವುಗಳಲ್ಲಿ ಕ್ಯಾಮ್‌ಶಾಫ್ಟಿನ ಉಬ್ಬು ಟ್ಯಾಪೆಟ್ (ವಾಲ್ವನ್ನು ತಳ್ಳುವ ತುಂಡು) ಮೇಲೆ ಉಜ್ಜಿಕೊಂಡೇ ತಿರುಗುತ್ತದೆ, ನಡುವೆ ರೋಲರ್ ಇಲ್ಲ. ಆ ಉಜ್ಜಾಟದಿಂದ ಕಾಪಾಡುವುದು ಆಯಿಲಿನಲ್ಲಿರುವ ಸತು ಮತ್ತು ರಂಜಕದ ಸೇರಿಕೆ. ಕ್ಯಾಟಲಿಟಿಕ್ ಕನ್ವರ್ಟರ್ (ಹೊಗೆಯ ವಿಷ ತಗ್ಗಿಸುವ ಭಾಗ) ಕೆಡಬಾರದೆಂದು ಹೊಸ ಕೋಡ್‌ಗಳ 30 ಮತ್ತು ಅದಕ್ಕಿಂತ ತೆಳುವಾದ ಗ್ರೇಡ್‌ಗಳಲ್ಲಿ ರಂಜಕಕ್ಕೆ ಶೇಕಡಾ 0.08ರ ಮಿತಿ ಹಾಕಿದ್ದಾರೆ. 15ಡಬ್ಲ್ಯೂ-40, 20ಡಬ್ಲ್ಯೂ-50ರಂಥ ಗ್ರೇಡ್‌ಗಳಿಗೆ ಎಪಿಐ ಆ ಮಿತಿ ಹಾಕಿಲ್ಲ. ಹಾಗಾಗಿ ನಿಮ್ಮ ಇಂಜಿನ್ 40 ಅಥವಾ 50 ಕೇಳುತ್ತಿದ್ದರೆ ತಲೆನೋವು ಕಡಿಮೆ. 30 ಕೇಳುತ್ತಿದ್ದರೆ, ಕನ್ವರ್ಟರ್ ಇಲ್ಲದ ಕಾರಾದರೆ, ಹಳೆಯ ಇಂಜಿನ್‌ಗಳಿಗೆಂದೇ ಮಾಡಿದ ಸತು ಜಾಸ್ತಿ ಇರುವ ಆಯಿಲ್ ಹುಡುಕಿ. ಬೇರೆ ಬಾಟಲಿಯಲ್ಲಿ ಬರುವ ಸತುವಿನ ಸೇರಿಕೆಯನ್ನು ಅಂದಾಜಿನ ಮೇಲೆ ಸುರಿಯುವುದು ನನಗೆ ಇಷ್ಟವಿಲ್ಲ. ಅದು ಅತಿಯಾದರೂ ಕೆಡುಕೇ.

ಮೂರನೆಯದು ಡೀಸೆಲ್. ಸಿಎಚ್-4, ಸಿಐ-4, ಸಿಕೆ-4 ಹೀಗೆ ಸಾಲು ಮುಂದುವರಿಯುತ್ತದೆ. ಆದರೆ ಎಫ್‌ಎ-4 ಎಂದು ಬರೆದಿರುವುದನ್ನು ಹಳೆಯ ಡೀಸೆಲ್‌ಗೆ ಹಾಕಬೇಡಿ. ಅದು ಹೊಸ ಇಂಜಿನ್‌ಗಳಿಗೆಂದೇ ತೆಳುವಾಗಿ ಮಾಡಿದ ಆಯಿಲ್. ಹಳೆಯ ಕೋಡ್‌ಗಳ ಜಾಗಕ್ಕೆ ಅದು ಬರುವುದಿಲ್ಲ.

ಯೂರೋಪಿನ ಕಾರಾದರೆ ಎಸಿಇಎ ಕೋಡ್ ಅಥವಾ ಕಂಪನಿಯ ಸ್ವಂತ ಅನುಮೋದನೆಯ ನಂಬರ್ ಕೇಳಿರಬಹುದು. ಕೈಪಿಡಿಯಲ್ಲಿ ಎ3/ಬಿ4 ಅಂತಿದ್ದರೆ ಕ್ಯಾನ್ ಮೇಲೂ ಅದೇ ಇರಲಿ. ಎ5/ಬಿ5 ಅದಕ್ಕಿಂತ ತೆಳು, ಹೆಸರು ಹತ್ತಿರವಿದೆ ಅಂತ ಅದನ್ನು ತರಬೇಡಿ. ಬೈಕಿನ ಆಯಿಲ್ ಮನೆಯಲ್ಲಿ ಉಳಿದಿದ್ದರೆ ಅದು ಬೈಕಿಗೇ ಇರಲಿ.

## ಹಂತ 4: ಮಿನರಲ್ಲೋ, ಸಿಂಥೆಟಿಕ್ಕೋ?

ಮಿನರಲ್ ಎಂದರೆ ಕಚ್ಚಾತೈಲವನ್ನು ಶುದ್ಧಿ ಮಾಡಿದ ಆಯಿಲ್, ಸಿಂಥೆಟಿಕ್ ಎಂದರೆ ರಾಸಾಯನಿಕವಾಗಿ ತಯಾರಿಸಿದ್ದು. ಇದರ ಮೇಲೆ ನಡೆಯುವಷ್ಟು ಜಗಳ ಇನ್ನಾವುದರ ಮೇಲೂ ನಡೆಯುವುದಿಲ್ಲ. ಆದರೆ ಗ್ರೇಡ್, ಕೋಡ್ ಸರಿಯಿದ್ದರೆ ಇದು ಮೂರನೇ ಸಾಲಿನ ಪ್ರಶ್ನೆ. ಚೆನ್ನಾಗಿರುವ ಸೀಲನ್ನು ಸಿಂಥೆಟಿಕ್ ಹಾಳು ಮಾಡುವುದಿಲ್ಲ. ಒಣಗಿ ಬಿರುಕು ಬಿಟ್ಟ ಸೀಲಿನ ಸುತ್ತ ಜಿಡ್ಡು ಗಟ್ಟಿಯಾಗಿ ಕೂತು ತಡೆದಿದ್ದರೆ, ಅದನ್ನು ತೊಳೆದು ಸೋರಿಕೆಯನ್ನು ಬಯಲಿಗೆ ತರಬಹುದು. ಈಗಾಗಲೇ ತೊಟ್ಟಿಕ್ಕುತ್ತಿರುವ ಇಂಜಿನ್‌ಗೆ ದುಬಾರಿ ಸಿಂಥೆಟಿಕ್ ಸುರಿಯುವುದು ದಂಡ. ಒಳ್ಳೆಯ ಮಿನರಲ್ ಹಾಕಿ ಬೇಗ ಬೇಗ ಬದಲಿಸಿ. ಜಾಸ್ತಿ ಓಡಿದ ಗಾಡಿಗೆಂದು ಸೀಲ್ ಮೆತ್ತಗೆ ಮಾಡುವ ಸೇರಿಕೆ ಹಾಕಿದ ಆಯಿಲ್‌ಗಳೂ ಇವೆ, ಸಣ್ಣ ಜಿನುಗಿಗೆ ಕೆಲವೊಮ್ಮೆ ಉಪಯೋಗಕ್ಕೆ ಬರುತ್ತವೆ.

ಕ್ಯಾನ್ ಆರಿಸುವ ಮುನ್ನ ಆಯಿಲ್ ಮುಚ್ಚಳ ತೆಗೆದು ಟಾರ್ಚ್ ಬಿಟ್ಟು ಒಳಗೆ ನೋಡಿ. ಲೋಹ ಕಂದು ಬಣ್ಣಕ್ಕೆ ತಿರುಗಿದ್ದರೆ ಪರವಾಗಿಲ್ಲ. ಡಾಂಬರಿನಂಥ ಕಪ್ಪು ಮುದ್ದೆ ಕೂತಿದ್ದರೆ ಇಂಜಿನ್ ಒಳಗೆ ತೊಳೆಯುವ ಫ್ಲಶ್ ದ್ರಾವಣ ಹಾಕುವ ಆಸೆ ಬಿಟ್ಟುಬಿಡಿ. ಮುದ್ದೆ ಒಮ್ಮೆಗೇ ಕಳಚಿಕೊಂಡು ಪಂಪಿನ ಜಾಲರಿಗೆ ಅಡ್ಡ ಕೂತರೆ ಇಂಜಿನ್ ಸೀಜ್ ಆಗುತ್ತದೆ. ಮಾಮೂಲಿ ಆಯಿಲ್ ಹಾಕಿ, 1,000 ಕಿಲೋಮೀಟರ್ ಆಸುಪಾಸಿನಲ್ಲಿ ಫಿಲ್ಟರ್ ಸಮೇತ ಬದಲಿಸಿ, ಹೀಗೆ ಎರಡು ಮೂರು ಬಾರಿ ಮಾಡಿದರೆ ನಿಧಾನವಾಗಿ ತೊಳೆದುಹೋಗುತ್ತದೆ.

## ಹಂತ 5: ಎಷ್ಟು ಲೀಟರ್ ಎಂಬ ಲೆಕ್ಕ

ಕೈಪಿಡಿಗಳಲ್ಲಿ ಮೂರು ಬೇರೆ ಬೇರೆ ಅಂಕಿ ಇರಬಹುದು. ‘ಫಿಲ್ಟರ್ ಇಲ್ಲದೆ’ ಎಂದರೆ ಚೇಂಬರಿನಿಂದ ಇಳಿಯುವಷ್ಟು. ‘ಫಿಲ್ಟರ್ ಸೇರಿ’ ಎಂದರೆ ಅದಕ್ಕೆ ಸಾಮಾನ್ಯವಾಗಿ 200ರಿಂದ 500 ಮಿಲಿ ಜಾಸ್ತಿ. ‘ಒಣ ಇಂಜಿನ್’ ಅಥವಾ ‘ಒಟ್ಟು ಸಾಮರ್ಥ್ಯ’ ಎಂದರೆ ಇಂಜಿನ್ ಪೂರ್ತಿ ಬಿಚ್ಚಿ ಜೋಡಿಸಿದ ಮೇಲೆ ಹಾಕುವಷ್ಟು. ಎಲ್ಲ ಅವಾಂತರ ಆಗುವುದು ಈ ಮೂರನೆಯದರಿಂದ. ಆಯಿಲ್ ಎಷ್ಟೇ ಹೊತ್ತು ಇಳಿಸಿದರೂ ನಾಳಗಳಲ್ಲಿ, ಕೂಲರ್‌ನಲ್ಲಿ, ಸಿಲಿಂಡರ್ ಹೆಡ್‌ನಲ್ಲಿ ಒಂದಷ್ಟು ಉಳಿದೇ ಉಳಿಯುತ್ತದೆ. ಮಾಮೂಲಿ ಬದಲಾವಣೆಯಲ್ಲಿ ಒಣ ಇಂಜಿನ್‌ನ ಅಂಕಿ ನೋಡಿ ಸುರಿದರೆ ಮಟ್ಟ ಡಿಪ್‌ಸ್ಟಿಕ್‌ನ ಮ್ಯಾಕ್ಸ್ (ಗರಿಷ್ಠ) ಗೆರೆ ದಾಟುವುದು ಖಂಡಿತ.

ಹಳೆಯ ಪುಸ್ತಕಗಳ ಇನ್ನೊಂದು ಕಾಟ ಪಿಂಟ್ ಮತ್ತು ಕ್ವಾರ್ಟ್. ಬ್ರಿಟಿಷ್ ಪಿಂಟ್ 0.568 ಲೀಟರ್, ಅಮೆರಿಕದ ಪಿಂಟ್ 0.473 ಲೀಟರ್. ಕ್ವಾರ್ಟ್ ಎಂದರೆ ಎರಡು ಪಿಂಟ್. ಪುಸ್ತಕದಲ್ಲಿ ‘8 ಪಿಂಟ್’ ಎಂದಿದ್ದರೆ ಬ್ರಿಟಿಷ್ ಲೆಕ್ಕದಲ್ಲಿ ಅದು 4.55 ಲೀಟರ್, ಅಮೆರಿಕದ ಲೆಕ್ಕದಲ್ಲಿ 3.79 ಲೀಟರ್. ಮುಕ್ಕಾಲು ಲೀಟರ್ ವ್ಯತ್ಯಾಸ! ಪುಸ್ತಕ ಯಾವ ದೇಶದ ಮಾರುಕಟ್ಟೆಗೆ ಅಚ್ಚಾಗಿದೆ ಅಂತ ಮೊದಲ ಪುಟಗಳಲ್ಲಿ ನೋಡಿಕೊಂಡು ಲೆಕ್ಕ ಹಾಕಿ.

ಡಿಪ್‌ಸ್ಟಿಕ್‌ನ ಮಿನ್ ಮತ್ತು ಮ್ಯಾಕ್ಸ್ ಗೆರೆಗಳ ನಡುವೆ ಬಹಳಷ್ಟು ಕಾರುಗಳಲ್ಲಿ ಸುಮಾರು 1 ಲೀಟರ್ ಅಂತರ. ಸಣ್ಣ ಇಂಜಿನ್‌ಗಳಲ್ಲಿ ಇನ್ನೂ ಕಡಿಮೆ. ಹಳೆಯ ಫೋಕ್ಸ್‌ವ್ಯಾಗನ್ ಬೀಟಲ್ ಇಂಜಿನ್ ಹಿಡಿಯುವುದೇ ಎರಡೂವರೆ ಲೀಟರ್. ಅದಕ್ಕೆ ಕಾಗದದ ಫಿಲ್ಟರ್ ಕೂಡ ಇಲ್ಲ, ಬರೀ ಜಾಲರಿ. ಅಂಥದ್ದರಲ್ಲಿ ಅರ್ಧ ಲೀಟರ್ ಆಚೀಚೆ ಆದರೆ ಸಣ್ಣ ಮಾತಲ್ಲ.

ಕೊಳ್ಳುವಾಗ ಬೇಕಾದ್ದಕ್ಕಿಂತ ಅರ್ಧ ಲೀಟರ್ ಜಾಸ್ತಿ ಇಟ್ಟುಕೊಳ್ಳಿ. ಅದು ಆಮೇಲೆ ಟಾಪ್ ಅಪ್ ಮಾಡಲು, ಈಗಲೇ ಸುರಿಯಲು ಅಲ್ಲ.

## ಹಂತ 6: ಸಾಮಾನು ಜೋಡಿಸಿಕೊಳ್ಳಿ

- ಡ್ರೈನ್ ಬೋಲ್ಟಿಗೆ ಸರಿಯಾಗಿ ಕೂರುವ ಸಾಕೆಟ್ ಅಥವಾ ರಿಂಗ್ ಸ್ಪ್ಯಾನರ್. ಎರಡು ಕಡೆ ಮಾತ್ರ ಹಿಡಿಯುವ ಪಾನಾ ಬೇಡ, ಮೂಲೆ ಸವೆಯುತ್ತದೆ.
- ಹೊಸ ಡ್ರೈನ್ ವಾಷರ್, ಹೊಸ ಫಿಲ್ಟರ್, ಫಿಲ್ಟರ್ ಬಿಚ್ಚುವ ಪಟ್ಟಿ.
- 6 ಲೀಟರ್ ಹಿಡಿಯುವ ಅಗಲ ಬಾಯಿಯ ಟ್ರೇ, ಆಲಿಕೆ, ಹಳೆ ಬಟ್ಟೆ, ಬಿಳಿ ಟಿಶ್ಯೂ ಕಾಗದ.
- ಮಿಲಿಲೀಟರ್ ಗೆರೆ ಇರುವ ಜಗ್. ಇದಿಲ್ಲದೆ ಶುರು ಮಾಡಲೇಬೇಡಿ.
- ಜಾಕ್, ಎರಡು ಆಕ್ಸಲ್ ಸ್ಟ್ಯಾಂಡ್, ಚಕ್ರಕ್ಕೆ ಕೊಡುವ ಅಡೆ, ಕೈಗವಸು. ಬಳಸಿದ ಆಯಿಲ್ ಚರ್ಮಕ್ಕೆ ಒಳ್ಳೆಯದಲ್ಲ.

ಬರೀ ಜಾಕ್ ಮೇಲೆ ನಿಂತ ಕಾರಿನ ಕೆಳಗೆ ತಲೆ ಹಾಕಬೇಡಿ. ‘ಎರಡೇ ನಿಮಿಷ’ ಅಂದರೂ ಬೇಡ.

## ಹಂತ 7: ಹಳೆ ಆಯಿಲ್ ಇಳಿಸುವುದು

1. ಇಳಿಸುವ ಮುನ್ನವೇ ಡಿಪ್‌ಸ್ಟಿಕ್ ನೋಡಿ, ಈಗಿನ ಮಟ್ಟ ಬರೆದುಕೊಳ್ಳಿ. ಈ ಅಂಕಿ ಆಮೇಲೆ ಬೇಕಾಗುತ್ತದೆ.
2. ಇಂಜಿನ್ನನ್ನು ಸ್ವಲ್ಪ ಬೆಚ್ಚಗೆ ಮಾಡಿ ಆಫ್ ಮಾಡಿ. ಕುದಿಯುವಷ್ಟು ಬಿಸಿ ಬೇಡ, ಕೈ ಸುಡುತ್ತದೆ. ಆಯಿಲ್ ಮುಚ್ಚಳ ಸಡಿಲಿಸಿ.
3. ಡ್ರೈನ್ ಬೋಲ್ಟ್ ಇಂಜಿನ್ನಿನದೇ ಅಂತ ಎರಡು ಸಲ ಖಚಿತ ಮಾಡಿಕೊಳ್ಳಿ.
4. ಬೋಲ್ಟ್ ತೆಗೆದು 15 ನಿಮಿಷ ಬಿಡಿ. ಕಾರು ಆದಷ್ಟು ಸಮತಟ್ಟಾಗಿ ನಿಂತಿರಲಿ. ಒಂದು ಕಡೆ ಎತ್ತರವಾದರೆ ಆಯಿಲ್ ಮೂಲೆಯಲ್ಲೇ ಉಳಿದುಬಿಡುತ್ತದೆ.

ಮೂರನೆಯದರ ಬಗ್ಗೆ ಎರಡು ಮಾತು. ಮುಂದಿನ ಚಕ್ರ ಎಳೆಯುವ ಕಾರುಗಳಲ್ಲಿ ಗೇರ್‌ಬಾಕ್ಸ್‌ನ ಡ್ರೈನ್ ಬೋಲ್ಟೂ ಪಕ್ಕದಲ್ಲೇ ಇರುತ್ತದೆ. ಅದನ್ನು ಬಿಚ್ಚಿ ಗೇರ್ ಆಯಿಲ್ ಇಳಿಸಿ, ಮೇಲಿನಿಂದ ಇಂಜಿನ್‌ಗೆ ಹೊಸ ಆಯಿಲ್ ಸುರಿಯುವುದು ಹೊಸಬರ ಮಾಮೂಲಿ ತಪ್ಪು. ಕೊನೆಗೆ ಗೇರ್‌ಬಾಕ್ಸ್ ಖಾಲಿ, ಇಂಜಿನ್‌ನಲ್ಲಿ ಡಬಲ್. ಬಿದ್ದ ಆಯಿಲ್ ಕಪ್ಪಗಿರದೆ ಹೊಂಬಣ್ಣವಾಗಿಯೋ ಕೆಂಪಗೋ ಇದ್ದು, ವಾಸನೆಯೂ ಬೇರೆಯಾಗಿದ್ದರೆ ಅಲ್ಲಿಗೇ ನಿಲ್ಲಿಸಿ. ನೀವು ಬಿಚ್ಚಿರುವುದು ಬೇರೆ ಬೋಲ್ಟ್.

ಇಳಿದ ಆಯಿಲನ್ನು ಜಗ್ಗಿನಲ್ಲಿ ಅಳೆಯಿರಿ. ಮಟ್ಟ ಮ್ಯಾಕ್ಸ್‌ನಲ್ಲಿದ್ದು 3.4 ಲೀಟರ್ ಇಳಿದಿದ್ದರೆ, ಫಿಲ್ಟರಿನಲ್ಲಿ ಉಳಿದದ್ದನ್ನೂ ಸೇರಿಸಿ ಹೊಸದು ಎಷ್ಟು ಬೇಕೆಂಬ ಅಂದಾಜು ಸಿಕ್ಕಿತು. ಕೈಪಿಡಿ ಸಿಗದ ಕಾರಿಗಂತೂ ಇದೇ ದಾರಿ. ಅಳೆದಾದ ಮೇಲೆ ಆ ಆಯಿಲನ್ನು ಕ್ಯಾನ್‌ಗೆ ತುಂಬಿ ಬಳಸಿದ ಆಯಿಲ್ ತೆಗೆದುಕೊಳ್ಳುವ ಕಡೆ ಕೊಡಿ. ಮೋರಿಗೆ, ಮಣ್ಣಿಗೆ ಸುರಿಯಬೇಡಿ.

## ಹಂತ 8: ಫಿಲ್ಟರ್

ಹಳೆ ಫಿಲ್ಟರ್ ಕೈಗೆ ಬಂದ ಕೂಡಲೇ ಅದರ ಬಾಯಿ ನೋಡಿ. ರಬ್ಬರ್ ರಿಂಗ್ ಅದರ ಜೊತೆ ಬಂದಿದೆಯಾ? ಇಲ್ಲದಿದ್ದರೆ ಅದು ಇಂಜಿನ್‌ಗೇ ಅಂಟಿಕೊಂಡಿದೆ. ಅದರ ಮೇಲೆ ಹೊಸ ಫಿಲ್ಟರ್ ಕೂರಿಸಿದರೆ ರಿಂಗ್ ಎರಡಾಗುತ್ತದೆ. ಐಡಲ್‌ನಲ್ಲಿ ಏನೂ ಗೊತ್ತಾಗುವುದಿಲ್ಲ. ರಸ್ತೆಗಿಳಿದು ಪ್ರೆಷರ್ ಏರಿದಾಗ ರಿಂಗ್ ಜಾರಿ, ಪಂಪ್ ತಾನೇ ಆಯಿಲನ್ನೆಲ್ಲ ಹೊರಗೆ ಚೆಲ್ಲಿಬಿಡುತ್ತದೆ. ಬಟ್ಟಲಿನೊಳಗೆ ಕಾಗದದ ಫಿಲ್ಟರ್ ಇಡುವ ಹಳೆ ಇಂಜಿನ್‌ಗಳಲ್ಲಿ ರಿಂಗ್ ತೋಡಿನೊಳಗೆ ಗಟ್ಟಿಯಾಗಿ ಕೂತು ಲೋಹದ ಬಣ್ಣವೇ ಬಂದಿರುತ್ತದೆ. ಚೂಪು ಕಡ್ಡಿಯಿಂದ ಮೆಲ್ಲಗೆ ಎಬ್ಬಿಸಿ ನೋಡಿ.

ಹೊಸ ರಿಂಗಿಗೆ ಒಂದು ಬೆರಳು ಹೊಸ ಆಯಿಲ್ ಸವರಿ. ರಿಂಗ್ ತಾಗುವ ತನಕ ಕೈಯಲ್ಲಿ ತಿರುಗಿಸಿ, ಆಮೇಲೆ ಫಿಲ್ಟರ್ ಮೇಲೆ ಬರೆದಷ್ಟು, ಸಾಮಾನ್ಯವಾಗಿ ಮುಕ್ಕಾಲು ಸುತ್ತು. ಬಿಗಿಯಲು ಪಟ್ಟಿ ಬಳಸಬೇಡಿ. ಬಾಯಿ ಮೇಲೆ ಮಾಡಿ ಕೂರುವ ಫಿಲ್ಟರ್ ಆದರೆ ಮೊದಲೇ ಆಯಿಲ್ ತುಂಬಿಸಬಹುದು, ಅದನ್ನೂ ಲೆಕ್ಕಕ್ಕೆ ಸೇರಿಸಿಕೊಳ್ಳಿ.

ಹೊಸ ವಾಷರ್ ಹಾಕಿ ಡ್ರೈನ್ ಬೋಲ್ಟ್ ಕೈಯಿಂದಲೇ ಶುರು ಮಾಡಿ, ಕೊನೆಗೆ ಕೈಪಿಡಿ ಹೇಳಿದಷ್ಟು ಬಿಗಿಯಿರಿ. ಅಲ್ಯೂಮಿನಿಯಂ ಚೇಂಬರಾದರೆ ಇನ್ನೂ ಹುಷಾರು. ಬೋಲ್ಟ್ ಕೂರುವ ತೂತಿನ ಮರೆ (ಥ್ರೆಡ್) ಹೋದರೆ ರಿಪೇರಿಯ ಖರ್ಚು ಆಯಿಲಿಗಿಂತ ಎಷ್ಟೋ ಪಟ್ಟು.

## ಹಂತ 9: ಅಳೆದು ಸುರಿಯುವುದು

ಉದಾಹರಣೆಗೆ ‘ಫಿಲ್ಟರ್ ಸೇರಿ 3.5 ಲೀಟರ್’ ಎಂದಿಟ್ಟುಕೊಳ್ಳೋಣ.

1. ಕಾರನ್ನು ಕೆಳಗಿಳಿಸಿ, ಸಮತಟ್ಟು ನೆಲದಲ್ಲಿ ನಿಲ್ಲಿಸಿ.
2. ಜಗ್ಗಿನಲ್ಲಿ ಅಳೆದು 2.8 ಲೀಟರ್ ನಿಧಾನವಾಗಿ ಸುರಿಯಿರಿ. ಐದು ನಿಮಿಷ ಕಾಯಿರಿ.
3. ಡಿಪ್‌ಸ್ಟಿಕ್ ನೋಡಿ. ಮಟ್ಟ ಮಿನ್ ಗೆರೆ ದಾಟುವ ತನಕ 200 ಮಿಲಿಯಂತೆ ಸೇರಿಸಿ.
4. ಇಂಜಿನ್ ಸ್ಟಾರ್ಟ್ ಮಾಡಿ, ಆಕ್ಸಿಲರೇಟರ್ ಮುಟ್ಟಬೇಡಿ. ಆಯಿಲ್ ಪ್ರೆಷರ್ ಲೈಟ್ ಕೆಲವೇ ಸೆಕೆಂಡಿನಲ್ಲಿ ಆರಬೇಕು. ಹತ್ತು ಸೆಕೆಂಡಾದರೂ ಆರದಿದ್ದರೆ ಆಫ್ ಮಾಡಿ.
5. ಒಂದೆರಡು ನಿಮಿಷ ಓಡಲಿ. ಅಷ್ಟರಲ್ಲಿ ಬಗ್ಗಿ ಫಿಲ್ಟರ್, ಡ್ರೈನ್ ಬೋಲ್ಟ್ ಬಳಿ ಸೋರುತ್ತಿದೆಯಾ ನೋಡಿ.
6. ಆಫ್ ಮಾಡಿ ಹತ್ತು ನಿಮಿಷ ಬಿಡಿ. ಫಿಲ್ಟರ್ ತುಂಬಿಕೊಂಡಿರುವುದರಿಂದ ಮಟ್ಟ ಇಳಿದಿರುತ್ತದೆ.
7. ಈಗ 100 ಮಿಲಿಯಂತೆ ಸೇರಿಸುತ್ತಾ ಮ್ಯಾಕ್ಸ್‌ಗಿಂತ ಕೂದಲೆಳೆಯಷ್ಟು ಕೆಳಗೆ ನಿಲ್ಲಿಸಿ. ಒಟ್ಟು ಎಷ್ಟು ಹೋಯಿತು ಅಂತ ಬರೆದುಕೊಳ್ಳಿ.

ಡಿಪ್‌ಸ್ಟಿಕ್ ಓದುವುದೇ ಒಂದು ಕಲೆ. ಹೊಸ ಆಯಿಲ್ ನೀರಿನಷ್ಟು ತಿಳಿ, ಗೆರೆ ಕಾಣುವುದೇ ಕಷ್ಟ. ಮೊದಲ ಸಲ ಎಳೆದಾಗ ಕೊಳವೆಯ ಗೋಡೆಗೆ ಅಂಟಿದ್ದ ಆಯಿಲ್ ಕಡ್ಡಿಗೆ ಬಳಿದುಕೊಂಡು ಸುಳ್ಳು ಹೇಳುತ್ತದೆ. ಒರೆಸಿ, ಪೂರ್ತಿ ಒಳಗೆ ತಳ್ಳಿ, ಮತ್ತೆ ಎಳೆದು ಅಡ್ಡ ಹಿಡಿಯಿರಿ. ಎರಡೂ ಮಗ್ಗುಲು ನೋಡಿ. ಒಂದು ಕಡೆ ಮೇಲೆ, ಇನ್ನೊಂದು ಕಡೆ ಕೆಳಗೆ ಕಂಡರೆ ಕೆಳಗಿನದೇ ನಿಜ. ಆಗಲೂ ಕಾಣದಿದ್ದರೆ ಕಡ್ಡಿಯ ತುದಿಯನ್ನು ಬಿಳಿ ಟಿಶ್ಯೂ ಮೇಲೆ ಒತ್ತಿ. ಆಯಿಲ್ ಹೀರಿಕೊಂಡ ಕಲೆ ಎಲ್ಲಿ ನಿಂತಿದೆಯೋ ಅದೇ ಮಟ್ಟ.

ಬಿಸಿ ಮತ್ತು ತಣ್ಣನೆಯ ಮಟ್ಟ ಬೇರೆ ಬೇರೆ. ಆಯಿಲ್ ಕಾದಾಗ ಹಿಗ್ಗುತ್ತದೆ. 4 ಲೀಟರ್ ಆಯಿಲ್ 80 ಡಿಗ್ರಿ ಬಿಸಿ ಏರಿದರೆ ಸುಮಾರು 200 ಮಿಲಿ ಹಿಗ್ಗಿರುತ್ತದೆ. ಕೈಪಿಡಿ ಹೇಳಿದ ಸ್ಥಿತಿಯಲ್ಲೇ, ಪ್ರತಿಸಲ ಒಂದೇ ಜಾಗದಲ್ಲಿ ನಿಲ್ಲಿಸಿ ನೋಡಿ.

ಎರಡು ಸಾಕ್ಷಿ ಒಪ್ಪದಿದ್ದರೆ? 3.5 ಲೀಟರ್ ಹೋಗಬೇಕಿದ್ದ ಕಡೆ 2.9ಕ್ಕೇ ಮ್ಯಾಕ್ಸ್ ಬಂತು ಎಂದುಕೊಳ್ಳಿ. ಹಳೆ ಆಯಿಲ್ ಪೂರ್ತಿ ಇಳಿದಿಲ್ಲವಾ? ಇಳಿದದ್ದನ್ನು ಅಳೆದಿದ್ದರೆ ಉತ್ತರ ಅಲ್ಲೇ ಇದೆ. ಅದು ಸರಿಯಿದ್ದರೆ ಡಿಪ್‌ಸ್ಟಿಕ್ ಮೇಲೆ ಅನುಮಾನ ಪಡಿ. ಹಳೆಯ ಕಾರುಗಳಲ್ಲಿ ಮುರಿದ ಕಡ್ಡಿಯ ಬದಲು ಸಿಕ್ಕ ಕಡ್ಡಿ ತೂರಿಸಿರುವುದು ಉಂಟು. ಕಡ್ಡಿ ಕೂರುವ ಕೊಳವೆ ಬ್ಲಾಕಿನಿಂದ ಸ್ವಲ್ಪ ಮೇಲೆದ್ದಿದ್ದರೂ, ಕೆಳಗೆ ಕುಸಿದಿದ್ದರೂ ಮಟ್ಟ ತಪ್ಪು ತೋರಿಸುತ್ತದೆ. ಚೇಂಬರ್ ಬದಲಾಗಿರುವ ಸಾಧ್ಯತೆಯೂ ಇದೆ. ಇಂಜಿನ್, ಚೇಂಬರ್ ಎರಡೂ ಮೂಲದ್ದೇ ಎಂದು ಖಚಿತವಾದರೆ ಅಳತೆಯ ಲೀಟರನ್ನು ನಂಬಿ, ಆ ಮಟ್ಟಕ್ಕೆ ಕಡ್ಡಿಯ ಮೇಲೆ ತಾತ್ಕಾಲಿಕವಾಗಿ ಒಂದು ಗೀಟು ಹಾಕಿ, ಸರಿಯಾದ ಡಿಪ್‌ಸ್ಟಿಕ್ ತರಿಸಿ.

## ಹಂತ 10: ಜಾಸ್ತಿ ಆಗಿಹೋಯಿತೇ? ತೆಗೆಯಿರಿ

‘ಸ್ವಲ್ಪ ಜಾಸ್ತಿ ಇದ್ದರೆ ಒಳ್ಳೇದೇ’ ಎನ್ನುವ ಮಾತು ಆಯಿಲ್‌ಗೆ ಹೊಂದುವುದಿಲ್ಲ. ಮಟ್ಟ ಏರಿದರೆ ತಿರುಗುವ ಕ್ರ್ಯಾಂಕ್‌ಶಾಫ್ಟ್ ಆಯಿಲಿಗೆ ಬಡಿಯುತ್ತದೆ, ಮಜ್ಜಿಗೆ ಕಡೆದ ಹಾಗೆ ನೊರೆ ಏಳುತ್ತದೆ. ಪಂಪ್ ನೊರೆಯನ್ನು ಎಳೆದರೆ ಬೇರಿಂಗಿಗೆ ಹೋಗುವುದು ಅರ್ಧ ಗಾಳಿ. ಇಂಜಿನ್ ಒಳಗಿನ ಆವಿ ಹೊರಬಿಡುವ ಬ್ರೀದರ್ ಪೈಪಿನ ಮೂಲಕ ಆಯಿಲ್ ಏರ್ ಫಿಲ್ಟರಿಗೂ ಬರುತ್ತದೆ. ಡೀಸೆಲ್ ಇಂಜಿನ್‌ನಲ್ಲಿ ಇದು ಅಪಾಯಕಾರಿ. ಆ ಆಯಿಲನ್ನೇ ಇಂಧನವಾಗಿ ಕುಡಿದು, ಕೀ ತಿರುಗಿಸಿದರೂ ನಿಲ್ಲದೆ ಇಂಜಿನ್ ಓಟ ಕೀಳಬಹುದು.

ಡಿಪ್‌ಸ್ಟಿಕ್ ಕೊಳವೆಯೊಳಗೆ ಸಣ್ಣ ಪೈಪ್ ಇಳಿಸಿ ಕೈಪಂಪು ಅಥವಾ ದೊಡ್ಡ ಸಿರಿಂಜಿನಿಂದ ಎಳೆಯುವುದು ಸುಲಭ. ಎಳೆದದ್ದನ್ನೂ ಅಳೆದು ಲೆಕ್ಕದಿಂದ ಕಳೆಯಿರಿ.

## ಹಂತ 11: ಮುಂದಿನ ದಿನಗಳಲ್ಲಿ ಗಮನಿಸಬೇಕಾದ್ದು

ಮರುದಿನ ಬೆಳಗ್ಗೆ ಸ್ಟಾರ್ಟ್ ಮಾಡುವ ಮುನ್ನ ಒಮ್ಮೆ, ಆಮೇಲೆ ಮೊದಲ 500 ಕಿಲೋಮೀಟರ್ ತನಕ ವಾರಕ್ಕೊಮ್ಮೆಯಾದರೂ ಮಟ್ಟ ನೋಡಿ. ಈ ಲಕ್ಷಣಗಳು ಕಂಡರೆ ತಳ್ಳಿಹಾಕಬೇಡಿ.

ಕೆಂಪು ಲೈಟ್ ಮಿನುಗುವುದು. ಅದು ಆಯಿಲಿನ ಮಟ್ಟ ತೋರಿಸುವ ಲೈಟ್ ಎಂದು ತಿಳಿದವರೇ ಜಾಸ್ತಿ. ಅದು ಪ್ರೆಷರ್ ಲೈಟ್. ಸಾಮಾನ್ಯವಾಗಿ ಪ್ರೆಷರ್ 0.3ರಿಂದ 0.5 ಬಾರ್‌ಗೆ ಕುಸಿದಾಗ ಹತ್ತುತ್ತದೆ. ಅಷ್ಟೊತ್ತಿಗೆ ಬೇರಿಂಗ್ ಒಣಗುತ್ತಿರುತ್ತದೆ. ಅಲ್ಲೇ ಪಕ್ಕಕ್ಕೆ ನಿಲ್ಲಿಸಿ ಆಫ್ ಮಾಡಿ. ಮೀಟರ್ ಇರುವ ಕಾರಾದರೆ ಕಾದ ಇಂಜಿನ್‌ನಲ್ಲಿ ಪ್ರತಿ 1,000 ಆರ್‌ಪಿಎಂಗೆ ಸುಮಾರು 10 ಪಿಎಸ್‌ಐ ಇರಲಿ ಎನ್ನುವುದು ಮೆಕ್ಯಾನಿಕ್‌ಗಳ ಒರಟು ಲೆಕ್ಕ.

ನೀಲಿ ಹೊಗೆ. ರಾತ್ರಿಯಿಡೀ ನಿಂತ ಗಾಡಿ ಸ್ಟಾರ್ಟ್ ಮಾಡಿದಾಗ ಒಂದು ಬುಗ್ಗೆ ಬಂದು ನಿಂತರೆ ವಾಲ್ವ್ ಸೀಲ್ ಸವೆದಿದೆ. ಆಕ್ಸಿಲರೇಟರ್ ಒತ್ತಿದಾಗಲೆಲ್ಲ ಬಂದರೆ ಪಿಸ್ಟನ್ ರಿಂಗ್. ಎರಡಕ್ಕೂ ಗ್ರೇಡ್ ಒಂದು ಮೆಟ್ಟಿಲು ಏರಿಸುವುದು ತಾತ್ಕಾಲಿಕ ಉಪಾಯ ಅಷ್ಟೆ, ಮದ್ದಲ್ಲ.

ಮುಚ್ಚಳದಡಿ ಹಾಲಿನಂಥ ಕೆನೆ. ಸಣ್ಣ ಸಣ್ಣ ಓಡಾಟ ಮಾತ್ರ ಇರುವ ಗಾಡಿಯಲ್ಲಿ ತೇವ ಕೂತು ಹೀಗಾಗುತ್ತದೆ, ಒಮ್ಮೆ ದೂರ ಓಡಿಸಿದರೆ ಹೋಗುತ್ತದೆ. ಡಿಪ್‌ಸ್ಟಿಕ್ ಮೇಲೂ ಅದೇ ಕೆನೆ ಇದ್ದು, ರೇಡಿಯೇಟರ್ ನೀರೂ ಇಳಿಯುತ್ತಿದ್ದರೆ ಹೆಡ್ ಗ್ಯಾಸ್ಕೆಟ್ ನೋಡಿಸಿ.

ಮಟ್ಟ ಇಳಿಯುವುದು. ಹಳೆ ಇಂಜಿನ್ ಒಂದಿಷ್ಟು ಆಯಿಲ್ ತಿನ್ನುವುದು ಸಹಜ. 1,000 ಕಿಲೋಮೀಟರಿಗೆ 1 ಲೀಟರ್ ಮುಟ್ಟಿದರೆ ರಿಪೇರಿಯ ಯೋಚನೆ ಮಾಡಿ. ದಾರಿಯಲ್ಲಿ ನಿಮ್ಮ ಬ್ರ್ಯಾಂಡ್ ಸಿಗದಿದ್ದರೆ ಬೇರೆಯದನ್ನು ಸೇರಿಸಬಹುದು, ಎಪಿಐ ಕೋಡ್ ಇರುವ ಇಂಜಿನ್ ಆಯಿಲ್‌ಗಳು ಒಂದಕ್ಕೊಂದು ಬೆರೆಯುತ್ತವೆ. ಆಯಿಲ್ ಕಡಿಮೆಯಾಗಿ ಓಡಿಸುವುದಕ್ಕಿಂತ ಅದೇ ವಾಸಿ.

ಮಟ್ಟ ಏರುವುದು. ‘ನನ್ನ ಗಾಡಿ ಆಯಿಲೇ ತಿನ್ನಲ್ಲ, ಇನ್ನೂ ಜಾಸ್ತಿ ಆಗಿದೆ’ ಅಂತ ಹೆಮ್ಮೆಪಡುವವರನ್ನು ನೋಡಿದ್ದೇನೆ. ಆಯಿಲ್ ತಾನಾಗಿ ಹುಟ್ಟುವುದಿಲ್ಲ, ಅದರೊಳಗೆ ಬೇರೇನೋ ಬಂದು ಸೇರುತ್ತಿದೆ. ಕಾರ್ಬುರೇಟರ್ ಇರುವ ಹಲವು ಹಳೆ ಕಾರುಗಳಲ್ಲಿ ಪೆಟ್ರೋಲ್ ಪಂಪ್ ಇಂಜಿನ್ ಬ್ಲಾಕಿಗೇ ಕೂತಿರುತ್ತದೆ. ಅದರೊಳಗಿನ ರಬ್ಬರ್ ಪೊರೆ ಹರಿದರೆ ಪೆಟ್ರೋಲ್ ಸೀದಾ ಚೇಂಬರಿಗೆ ಇಳಿಯುತ್ತದೆ. ಡಿಪ್‌ಸ್ಟಿಕ್ ಮೂಸಿ ನೋಡಿ. ಪೆಟ್ರೋಲ್ ವಾಸನೆ ಹೊಡೆದರೆ, ಬೆರಳ ನಡುವೆ ಆಯಿಲ್ ನೀರಾಗಿ ಜಾರಿದರೆ ಸ್ಟಾರ್ಟ್ ಮಾಡಬೇಡಿ. ಬೇರಿಂಗಿಗೆ ಕಾವಲೂ ಇಲ್ಲ, ಬೆಂಕಿಯ ಭಯವೂ ಇದೆ. ಮೊದಲು ಪಂಪ್ ಬದಲಿಸಿ, ಆಮೇಲೆ ಆಯಿಲ್, ಫಿಲ್ಟರ್ ಎರಡನ್ನೂ ಬದಲಿಸಿ. ಪಂಪ್ ಬಿಟ್ಟು ಬರೀ ಆಯಿಲ್ ಬದಲಿಸಿದರೆ ಕೆಲವೇ ದಿನದಲ್ಲಿ ಮತ್ತೆ ಅದೇ ಕಥೆ.